ಆಗದಿದ್ದರೆ ಎಂಬ ಚಿಂತೆ, ಆಗಿಬಿಟ್ಟರೆ ಎಂಬ ಚಿಂತೆ



ತುಮಕೂರಿನಲ್ಲಿ ಸಿದ್ಧಗಂಗಾ ಎಂಜಿನಿಯರಿಂಗ್‌ ಕಾಲೇಜು ಶುರುವಾದದ್ದು 1963ರಲ್ಲಿ. ಅಲ್ಲಿಂದೀಚೆಗೆ ಗುಬ್ಬಿ, ಕುಣಿಗಲ್‌ ಕಡೆಯ ಎಷ್ಟೋ ರೈತರ ಮಕ್ಕಳು, ಮೇಷ್ಟ್ರ ಮಕ್ಕಳು ಎಂಜಿನಿಯರಾಗಿ ಬೆಂಗಳೂರು ದಾಟಿದರು, ಕೆಲವರು ಸಮುದ್ರವನ್ನೂ ದಾಟಿದರು. ಹಾಗಾಗಿ "ಏನಾಯ್ತಪ್ಪ ನಿನ್ನ ಸಿಟಿಜನ್‌ಶಿಪ್ಪು?" ಅನ್ನುವ ಮಾತು ಈಗ ನಮ್ಮ ಹಜಾರಗಳಿಗೆ ಹೊಸದಲ್ಲ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ತಾಯಿ ಕೇಳುತ್ತಾರೆ. "ಇನ್ನೂ ಪೆಂಡಿಂಗ್‌ ಕಣಮ್ಮ" ಅನ್ನುತ್ತಾನೆ ಮಗ. ಮಾತು ಮೊಮ್ಮಗಳ ಸ್ಕೂಲಿನ ಕಡೆ ಹೊರಳುತ್ತದೆ. ಆ ಒಂದು 'ಪೆಂಡಿಂಗ್‌' ಎರಡೂ ಮನೆಗಳಲ್ಲಿ ಎಷ್ಟು ರಾತ್ರಿಗಳ ನಿದ್ದೆ ಕೆಡಿಸಿದೆ ಎಂದು ಇವರೂ ಹೇಳುವುದಿಲ್ಲ, ಅವನೂ ಹೇಳುವುದಿಲ್ಲ.

ಅಮೆರಿಕದ ಪೌರತ್ವಕ್ಕೆ ಹಾಕುವ ಅರ್ಜಿಗೆ ಎನ್‌-400 ಎಂದು ಹೆಸರು. ಗ್ರೀನ್‌ ಕಾರ್ಡ್‌ ಕೈಗೆ ಬಂದು ಸಾಮಾನ್ಯವಾಗಿ 5 ವರ್ಷ ಕಳೆದಿರಬೇಕು. ಆ ಗ್ರೀನ್‌ ಕಾರ್ಡಿಗೇ ನಮ್ಮವರು ವರ್ಷಗಟ್ಟಲೆ ಸಾಲಿನಲ್ಲಿ ನಿಂತಿರುತ್ತಾರೆ. ಅರ್ಜಿ ಹಾಕಿದ ಮೇಲೆ ಬೆರಳಚ್ಚು, ಸಂದರ್ಶನ, ಇಂಗ್ಲಿಷ್‌ ಪರೀಕ್ಷೆ, ಆ ದೇಶದ ಚರಿತ್ರೆ ಮತ್ತು ಆಡಳಿತದ ಬಗ್ಗೆ ಪ್ರಶ್ನೆಗಳು, ಕೊನೆಗೆ ಪ್ರಮಾಣವಚನ. ಸಂದರ್ಶನವಾಗಿ 120 ದಿನ ಕಳೆದರೂ ತೀರ್ಮಾನ ಬರದಿದ್ದರೆ ಕೋರ್ಟಿಗೆ ಹೋಗಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಪರೀಕ್ಷೆಗೆ ನಮ್ಮ ಮಕ್ಕಳು ಅಷ್ಟಾಗಿ ಹೆದರುವುದಿಲ್ಲ. ಅವರ ಎದೆ ಹೊಡೆದುಕೊಳ್ಳುವುದು ಕಾಗದಪತ್ರಗಳ ವಿಷಯಕ್ಕೆ.

ಹಿಂದಿನ 5 ವರ್ಷಗಳಲ್ಲಿ ದೇಶದಿಂದ ಹೊರಗೆ ಹೋದ ಪ್ರತಿ ಪ್ರಯಾಣದ ವಿವರವನ್ನೂ ಅರ್ಜಿಯಲ್ಲಿ ಬರೆಯಬೇಕು. ಹೋದ ದಿನ, ವಾಪಸು ಬಂದ ದಿನ. ನನಗೆ ಗೊತ್ತಿರುವ ಗುಬ್ಬಿಯ ಹುಡುಗನೊಬ್ಬ, ತಂದೆಗೆ ಲಕ್ವ ಹೊಡೆದಾಗ ಓಡಿ ಬಂದವನು, ಆರು ತಿಂಗಳು ಮೀರಿ ಊರಲ್ಲೇ ಉಳಿದ. ತಂದೆಯನ್ನು ಎತ್ತಿ ಕೂರಿಸಿದ, ಸ್ನಾನ ಮಾಡಿಸಿದ, ಕೈ ಹಿಡಿದು ಅಂಗಳದಲ್ಲಿ ನಡೆಸಿದ. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅಲ್ಲಿನ ನಿರಂತರ ವಾಸ ಕಡಿದುಹೋಯಿತೆಂದು ಅಧಿಕಾರಿಗಳು ಎಣಿಸುತ್ತಾರೆ. ಹಾಗಾಗಿಲ್ಲವೆಂದು ತೋರಿಸುವ ಹೊಣೆ ಅರ್ಜಿದಾರನದು. ತಂದೆಯ ಮಂಚದ ಪಕ್ಕ ಕಳೆದ ಆ ದಿನಗಳಿಗೆ ಈಗ ಅವನು ವಿವರಣೆ ಕೊಡಬೇಕಾಗಿದೆ. ಮನೆ ಬಾಡಿಗೆ ನಿಲ್ಲಿಸದೆ ಕಟ್ಟಿದ ರಸೀದಿ, ತೆರಿಗೆಯ ಕಾಗದ, ಕೆಲಸ ಬಿಟ್ಟಿರಲಿಲ್ಲವೆಂದು ಕಂಪನಿ ಕೊಟ್ಟ ಪತ್ರ, ಎಲ್ಲ ಹೊಂದಿಸಿಟ್ಟುಕೊಂಡಿದ್ದಾನೆ. ಇತ್ತ ತಾಯಿ "ನಮ್ಮಿಂದ ಮಗೀಗೆ ತೊಂದ್ರೆ ಆಯ್ತಲ್ಲ" ಅಂತ ಕೊರಗುತ್ತಾರೆ. ಅಮ್ಮ, ಮಗ ತಂದೆಯ ಸೇವೆ ಮಾಡಿದ್ದಕ್ಕೆ ನೀವು ಕೊರಗಬಾರದು.

ಹೆಸರಿನ ಪಾಡು ಇನ್ನೊಂದು. ನಮ್ಮ ಕಡೆ ಊರ ಹೆಸರು, ಅಪ್ಪನ ಹೆಸರು ಇನಿಶಿಯಲ್‌ ಆಗಿ ಮುಂದೆ ಕೂರುತ್ತವೆ, ಮನೆತನದ ಹೆಸರು ಅನೇಕರಿಗೆ ಇರುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಪಾಸ್‌ಪೋರ್ಟಿನಲ್ಲಿ ಇನಿಶಿಯಲ್‌ ಬಿಡಿಸಿ ಬರೆದ ಇನ್ನೊಂದು ರೀತಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಅಮೆರಿಕದ ಕಾಗದಗಳಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬಿದ್ದಿರುತ್ತದೆ. ಅಜ್ಜಿ ತೊಟ್ಟಿಲಲ್ಲಿ ಮೂರು ಸಲ ಕೂಗಿ ಇಟ್ಟ ಹೆಸರದು! ಸಾಲದ್ದಕ್ಕೆ 2014ರ ನವೆಂಬರ್‌ 1ರಿಂದ ನಮ್ಮ ಜಿಲ್ಲೆಯ ಹೆಸರಿನ ಇಂಗ್ಲಿಷ್‌ ಕಾಗುಣಿತವೂ ಬದಲಾಯಿತು. ಹಳೆಯ ಕಾಗದದಲ್ಲಿ 'ತುಮ್‌ಕೂರ್‌', ಹೊಸದರಲ್ಲಿ 'ತುಮಕೂರು'. ಹುಟ್ಟಿದೂರು ಎರಡೆರಡು ಎಂದು ಅಲ್ಲಿನ ಅಧಿಕಾರಿ ತಿಳಿದಾರೆಯೇ ಎಂದು ಎಷ್ಟು ಮಕ್ಕಳು ಅರ್ಧರಾತ್ರಿಯಲ್ಲಿ ಫೈಲು ತೆಗೆದು ನೋಡುತ್ತಾರೋ.

ಇವೆಲ್ಲ 'ಆಗದಿದ್ದರೆ' ಎಂಬ ಚಿಂತೆಗಳು. ಇವನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಹೇಳಿಕೊಳ್ಳಲಾಗದ ಚಿಂತೆ ಇನ್ನೊಂದಿದೆ: ಆಗಿಬಿಟ್ಟರೆ?

ನಮ್ಮ 1955ರ ಪೌರತ್ವ ಕಾಯ್ದೆಯ 9ನೇ ಕಲಮಿನಂತೆ, ತಾನಾಗಿ ಬೇರೆ ದೇಶದ ಪೌರನಾದವನು ಆ ಗಳಿಗೆಗೆ ಭಾರತದ ಪೌರನಾಗಿ ಉಳಿಯುವುದಿಲ್ಲ. ಪಾಸ್‌ಪೋರ್ಟ್‌ ಒಪ್ಪಿಸಬೇಕು. ಹೀಗೆ ಪೌರತ್ವ ಕಳೆದುಕೊಂಡವರೂ ಪಡೆಯಬಹುದಾದ, 2005ರಲ್ಲಿ ಬಂದ ಓಸಿಐ ಕಾರ್ಡು ಜೀವಮಾನದ ವೀಸಾ ಇದ್ದ ಹಾಗೆ. ಬೇಕೆಂದಾಗ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ಆದರೆ ಅದು ಎರಡನೇ ಪೌರತ್ವವಲ್ಲ. ಮಗ ಪೌರತ್ವಕ್ಕೆ ಅರ್ಜಿ ಹಾಕಿದನೆಂದು ಬಂಧುಗಳಿಗೆ ಸಿಹಿ ಸುದ್ದಿ ಹೇಳುವ ತಾಯಿಗೇ ಒಳಗೆ ಏನೋ ಕಿತ್ತ ಹಾಗಾಗುತ್ತದೆ. ಮಗನಿಗೂ ಹಾಗೇ. ಹೇಳಿದರೆ ಒಬ್ಬರಿಗೊಬ್ಬರು ನೊಂದುಕೊಂಡಾರೆಂದು ಇಬ್ಬರೂ ಬಾಯಿ ಕಟ್ಟಿಕೊಂಡಿರುತ್ತಾರೆ.

ಈ ಸಂಕಟ ವಿದೇಶಕ್ಕೆ ಹೋದವರದು ಮಾತ್ರವೇ ಅಲ್ಲ. ನಮ್ಮ ಬೈಲಕುಪ್ಪೆ, ಮುಂಡಗೋಡಿನ ನಿರಾಶ್ರಿತರ ವಸಾಹತುಗಳ ಟಿಬೆಟನ್ನರನ್ನು ನೆನೆಯಿರಿ. 1950ರ ಜನವರಿ 26ರಿಂದೀಚೆಗೆ, 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತದ ಪೌರರೆಂದು 2010ರಲ್ಲಿ ದೆಹಲಿ ಹೈಕೋರ್ಟ್‌, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್‌ ಟಿಬೆಟನ್ನರ ವಿಷಯದಲ್ಲಿ ಎತ್ತಿಹಿಡಿದವು. ಆದರೂ ಪಾಸ್‌ಪೋರ್ಟ್‌ ಬೇಕೆಂದರೆ ನಿರಾಶ್ರಿತರ ನೋಂದಣಿ ಪತ್ರ ಬಿಡಬೇಕು, ವಸಾಹತಿನ ವಾಸ ಬಿಡಬೇಕು ಎಂಬ ಷರತ್ತುಗಳು 2017ರಲ್ಲಿ ಬಂದವು. ಹಕ್ಕಿದ್ದೂ ಅರ್ಜಿ ಹಾಕದೆ ಉಳಿದವರು ಅಲ್ಲಿದ್ದಾರೆ. ಅಪ್ಪ ಅಮ್ಮ ಹಿಮಾಲಯ ದಾಟಿ ಹೊತ್ತು ತಂದ ದೇಶವನ್ನು ಒಂದು ಕಾಗದಕ್ಕೆ ಸಹಿ ಹಾಕಿ ಬಿಟ್ಟಂತಾಗುತ್ತದೆಯೇ ಎಂಬ ಅಳುಕನ್ನು ಅವರಷ್ಟು ಬಲ್ಲವರು ಯಾರು?

ಬಾಯಿಬಿಟ್ಟು ಮಾತಾಡಬೇಕು ಎಂದು ನಾನು ಹೇಳುವುದಕ್ಕೆ ಕಾರಣವಿದೆ. ಕುಣಿಗಲ್‌ ಹತ್ತಿರದ ಹಿರಿಯರೊಬ್ಬರು ಎರಡು ಎಕರೆ ತೆಂಗಿನ ತೋಟದ ಚಿಂತೆಯಲ್ಲಿ ಬಡವಾಗಿದ್ದರು. ಮಗ ಆ ದೇಶದವನಾದರೆ ಪಹಣಿಗೆ ಅವನ ಹೆಸರು ಏರುವುದಿಲ್ಲ, ತೋಟ ಸರ್ಕಾರದ ಪಾಲಾಗುತ್ತದೆ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ಅದು ಸುಳ್ಳು. ಹೊರದೇಶದಲ್ಲಿ ನೆಲೆಸಿದವರು ಇಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ ನಿಜ. ಆದರೆ ಆ ನಿರ್ಬಂಧ ಅಲ್ಲಿರುವ ಭಾರತೀಯ ಪೌರನಿಗೂ ಇದೆ, ಓಸಿಐ ಕಾರ್ಡಿನವನಿಗೂ ಇದೆ. ತಂದೆಯಿಂದ ಮಗನಿಗೆ ಪಿತ್ರಾರ್ಜಿತವಾಗಿ ಬರುವ ತೋಟಕ್ಕೆ ಇಬ್ಬರಿಗೂ ಅಡ್ಡಿಯಿಲ್ಲ. ತುಮಕೂರಿನ ವಕೀಲರೊಬ್ಬರ ಬಾಯಲ್ಲಿ ಇದನ್ನು ಕೇಳಿದ ಮೇಲೆಯೇ ಆ ಹಿರಿಯರು ಮಗನ ಹತ್ತಿರ ಮಾತು ತೆಗೆದದ್ದು. "ಅಪ್ಪಾಜಿ, ಇದನ್ನ ಮನಸ್ಸಲ್ಲಿಟ್ಕೊಂಡು ಇಷ್ಟು ದಿನ ಸುಮ್ನಿದ್ರಾ?" ಅಂದನಂತೆ ಮಗ.

ನಿಜವಾಗಿ ಹೋಗುವುದು ವೋಟು. 2010ರ ತಿದ್ದುಪಡಿಯಿಂದ ಹೊರದೇಶದಲ್ಲಿರುವ ಭಾರತೀಯ ಪೌರರು ತಮ್ಮೂರಿನ ಮತದಾರರ ಪಟ್ಟಿಯಲ್ಲಿ ಹೆಸರು ಉಳಿಸಿಕೊಳ್ಳಬಹುದು, ಊರಿಗೆ ಬಂದು ವೋಟು ಹಾಕಬಹುದು. ಬೇರೆ ದೇಶದ ಪೌರತ್ವ ಬಂದ ಮೇಲೆ ಆ ಹೆಸರು ಉಳಿಯುವುದಿಲ್ಲ. ಇದು ಸಣ್ಣ ನಷ್ಟವಲ್ಲ. ಊರಿನ ಶಾಲೆಯ ಬೂತಿನಲ್ಲಿ ಅಪ್ಪನ ಹಿಂದೆ ಸರದಿಯಲ್ಲಿ ನಿಂತು ಮೊದಲ ಸಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡವನಿಗೆ ಇದು ನೋಯುತ್ತದೆ, ನೋಯಲೂ ಬೇಕು. ತೋಟದ ಸುಳ್ಳು ಭಯ ತೊಲಗಿದ ಮೇಲೆ ಆ ತಂದೆ ಮಗ ಈಗ ಈ ಮಾತಿಗೆ ಬಂದಿದ್ದಾರೆ. ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಒಂದು ವಾರ ಮಗ ಬೇಕು ಅನ್ನುತ್ತಾನಂತೆ, ಇನ್ನೊಂದು ವಾರ ಬೇಡ ಅನ್ನುತ್ತಾನಂತೆ. ತಂದೆ ಎರಡನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಾರೆ.