ರಜೆಯ ಎಂಟು ವಾರ ಮತ್ತು ಹಸಿವಿನ ಪ್ರಶ್ನೆ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪಟಾಂಚೆರು ನಮಗೆ ದೂರದ ಊರೇನಲ್ಲ. ಹೈದರಾಬಾದಿನ ಹತ್ತಿರವಿರುವ ಅಲ್ಲಿನ ಇಕ್ರಿಸ್ಯಾಟ್ ಸಂಶೋಧನಾ ಕೇಂದ್ರವು ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಬೆಳೆಗಳ ಮೇಲೆ ಕೆಲಸ ಮಾಡುತ್ತದೆಂಬುದು ತಮಗೆ ತಿಳಿದದ್ದೇ. ಈ ಕೇಂದ್ರದ ತಾಕುಗಳಲ್ಲಿ ಹಲವು ಮುಂಗಾರುಗಳಲ್ಲಿ ಅಮೆರಿಕದ ಹದಿನೇಳು ಹದಿನೆಂಟು ವರ್ಷದ ಹುಡುಗ ಹುಡುಗಿಯರು ಪುಸ್ತಕ, ಪೆನ್ಸಿಲು ಹಿಡಿದು ವಿಜ್ಞಾನಿಗಳ ಹಿಂದೆ ಓಡಾಡಿದ್ದಾರೆ. ಅವರು ಬಂದದ್ದು ಪ್ರವಾಸಕ್ಕಲ್ಲ. ಪ್ರಪಂಚದ ಹಸಿವಿನ ಸಮಸ್ಯೆಗೆ ಸಂಬಂಧಪಟ್ಟ ಒಂದು ಸಂಶೋಧನೆಯಲ್ಲಿ ತಮ್ಮ ಬೇಸಿಗೆ ರಜೆಯ ಎಂಟು ವಾರಗಳನ್ನು ಕಳೆಯಲು ಬಂದವರು ಅವರು.

ಈ ಏರ್ಪಾಡಿನ ಹಿಂದೆ ಇದ್ದವರು ಡಾ. ನಾರ್ಮನ್ ಬೋರ್ಲಾಗ್. 1914ರಲ್ಲಿ ಅಯೋವಾ ರಾಜ್ಯದ ಒಂದು ಸಣ್ಣ ರೈತ ಕುಟುಂಬದಲ್ಲಿ ಹುಟ್ಟಿ, ಒಂದೇ ಕೊಠಡಿಯ ಹಳ್ಳಿ ಶಾಲೆಯಲ್ಲಿ ಅಕ್ಷರ ಕಲಿತವರು. ಗೋಧಿಯ ಗಿಡ್ಡ ತಳಿಗಳಿಗಾಗಿ 1970ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದರು. ಆಹಾರೋತ್ಪಾದನೆಯಲ್ಲಿ ದುಡಿದವರನ್ನು ಗೌರವಿಸಲು ಅವರ ಪ್ರಯತ್ನದಿಂದ 1986ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸ್ಥಾಪನೆಯಾಯಿತು. 1987ರ ಮೊದಲ ಪ್ರಶಸ್ತಿ ಸಂದದ್ದು ನಮ್ಮ ಡಾ. ಎಂ. ಎಸ್. ಸ್ವಾಮಿನಾಥನ್ ಅವರಿಗೆ. ಆ ಹಣವನ್ನೇ ಮೂಲಧನವಾಗಿಟ್ಟು ಅವರು ಮದರಾಸಿನಲ್ಲಿ ಒಂದು ಸಂಶೋಧನಾ ಪ್ರತಿಷ್ಠಾನ ಕಟ್ಟಿದರು. ಡೆ ಮೊಯಿನ್ ನಗರದ ಲಾರಿ ಸಾಗಾಣಿಕೆ ಉದ್ಯಮಿ ಜಾನ್ ರುವಾನ್ 1990ರಲ್ಲಿ ಪ್ರಶಸ್ತಿಯ ಹೊಣೆ ಹೊತ್ತರು. 1994ರಲ್ಲಿ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ಒಂದು ಯುವ ಸಮ್ಮೇಳನ, 1998ರಲ್ಲಿ ಇವರಿಬ್ಬರ ಹೆಸರಿನ ಬೇಸಿಗೆ ತರಬೇತಿ ಆರಂಭವಾದವು.

ಆಯ್ಕೆಯ ಕ್ರಮ ಗಮನಿಸತಕ್ಕದ್ದು. ವಿದ್ಯಾರ್ಥಿ ಒಂದು ದೇಶವನ್ನೂ ಅಲ್ಲಿನ ಒಂದು ಆಹಾರ ಸಮಸ್ಯೆಯನ್ನೂ ಆರಿಸಿಕೊಂಡು ಪ್ರಬಂಧ ಬರೆಯಬೇಕು. ಅಕ್ಟೋಬರಿನ ಸಮ್ಮೇಳನದಲ್ಲಿ ತಜ್ಞರ ಎದುರು ಕುಳಿತು ಅದನ್ನು ಸಮರ್ಥಿಸಿಕೊಳ್ಳಬೇಕು. ಹಾಗೆ ಬಂದವರಲ್ಲಿ ಕೆಲವರನ್ನು ಮಾತ್ರ ಆರಿಸಿ ಮುಂದಿನ ಬೇಸಿಗೆಯಲ್ಲಿ ಫಿಲಿಪೈನ್ಸಿನ ಭತ್ತ ಸಂಶೋಧನಾ ಸಂಸ್ಥೆಗೆ, ಮೆಕ್ಸಿಕೋದ ಗೋಧಿ ಮತ್ತು ಮುಸುಕಿನ ಜೋಳದ ಕೇಂದ್ರಕ್ಕೆ, ತೈವಾನಿನ ತರಕಾರಿ ಕೇಂದ್ರಕ್ಕೆ, ಪಟಾಂಚೆರುವಿಗೆ, ಚೆನ್ನೈನ ಸ್ವಾಮಿನಾಥನ್ ಪ್ರತಿಷ್ಠಾನಕ್ಕೆ ಕಳುಹಿಸಿದರು. ಅಲ್ಲಿ ಅವರ ಕೆಲಸ ಸಸಿ ಎಣಿಸುವುದು, ಎಲೆ ಅಳೆಯುವುದು, ಪ್ರಯೋಗಾಲಯದಲ್ಲಿ ಮಾದರಿ ಸಿದ್ಧಪಡಿಸುವುದು, ಹಳ್ಳಿಯ ಮನೆ ಮನೆಗೆ ಹೋಗಿ ಏನು ಬೆಳೆಯುತ್ತೀರಿ, ಏನು ಉಣ್ಣುತ್ತೀರಿ ಎಂದು ಕೇಳಿ ಬರೆದುಕೊಳ್ಳುವುದು.

ಎಂಟು ವಾರದಲ್ಲಿ ಹಸಿವು ನೀಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಬೋರ್ಲಾಗ್ ಅವರೇ ಮೆಕ್ಸಿಕೋಗೆ ಹೋದದ್ದು 1944ರಲ್ಲಿ. ಅವರ ಗೋಧಿಯ 18,000 ಟನ್ ಬಿತ್ತನೆ ಬೀಜ ಭಾರತಕ್ಕೆ ಬಂದದ್ದು 1966ರಲ್ಲಿ. ನಡುವೆ 22 ವರ್ಷ! ಅದೂ ವರ್ಷಕ್ಕೆ ಎರಡು ಬೆಳೆ ತೆಗೆದು ಅವಸರ ಮಾಡಿದ ಮೇಲೆ. ಒಂದೇ ಹಂಗಾಮಿನ ಫಲಿತಾಂಶವನ್ನು ಬೇಸಾಯ ಶಾಸ್ತ್ರದಲ್ಲಿ ಯಾರೂ ಒಪ್ಪುವುದಿಲ್ಲ. ಕನಿಷ್ಠ ಎರಡು ಮೂರು ಹಂಗಾಮು ನೋಡಿಯೇ ಶಿಫಾರಸು ಕೊಡುವುದು. ಹೀಗಿರುವಾಗ ರಜೆಯಲ್ಲಿ ಬಂದ ಮಗು ಹೊಸದಾಗಿ ಏನನ್ನೋ ಕಂಡುಹಿಡಿಯಿತೆಂದು ಹೊಗಳುವುದು ಆ ಮಗುವಿಗೇ ಮಾಡುವ ಅನ್ಯಾಯ. ಹಿರಿಯರು ನಡೆಸುತ್ತಿರುವ ದೀರ್ಘ ಕೆಲಸದ ಒಂದು ಚಿಕ್ಕ ತುಂಡನ್ನು ಅದಕ್ಕೆ ಕೊಟ್ಟು, ಆ ತುಂಡಿನ ಲೆಕ್ಕ ಸರಿಯಾಗಿರಬೇಕೆಂದು ಪಟ್ಟು ಹಿಡಿಯುವುದೇ ಸರಿಯಾದ ಕ್ರಮ. ಮೇಲೆ ಹೇಳಿದ ಕೇಂದ್ರಗಳಲ್ಲಿ ಮಕ್ಕಳು ಸೇರಿಕೊಂಡದ್ದು ಇಂಥ ನಡೆಯುತ್ತಿದ್ದ ಕೆಲಸಗಳಿಗೇ.

ಮಕ್ಕಳ ಕೈಯಲ್ಲಿ ಬೇಸಾಯದ ಪ್ರಶ್ನೆ ಕೊಡುವುದು ಇದಕ್ಕಿಂತ ಬಹಳ ಹಳೆಯ ವಿಚಾರ. 1902ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಎ. ಬಿ. ಗ್ರಹಾಂ ಎಂಬ ಶಾಲಾ ಮೇಲ್ವಿಚಾರಕರು ಹಳ್ಳಿಯ ಮಕ್ಕಳನ್ನು ಕೂಡಿಸಿ, ಲಿಟ್ಮಸ್ ಕಾಗದದಿಂದ ತಮ್ಮ ತಮ್ಮ ಹೊಲದ ಮಣ್ಣಿನ ಹುಳಿ ಪರೀಕ್ಷಿಸುವುದನ್ನೂ ಮುಸುಕಿನ ಜೋಳದ ಬೀಜ ಆರಿಸುವುದನ್ನೂ ಕಲಿಸಿದರು. ಕೆಲವು ವರ್ಷಗಳ ನಂತರ ದಕ್ಷಿಣದ ರಾಜ್ಯಗಳಲ್ಲಿ ಡಾ. ಸೀಮನ್ ನ್ಯಾಪ್ ಅವರ ಪ್ರೋತ್ಸಾಹದಿಂದ ಹುಡುಗರ ಜೋಳದ ಸಂಘಗಳು ಹರಡಿದವು. ತಂದೆ ಸರ್ಕಾರದವರ ಮಾತು ನಂಬುವುದಿಲ್ಲ, ಆದರೆ ಮಗನಿಗೆ ಒಂದು ಎಕರೆ ಬಿಟ್ಟುಕೊಡುತ್ತಾನೆ. ತನ್ನ ಬೇಲಿಯೊಳಗೇ ಬೆಳೆದದ್ದನ್ನು ಕಂಡ ಮೇಲೆ ನಂಬದೆ ವಿಧಿಯಿಲ್ಲ. ನಮ್ಮ ವಿಸ್ತರಣಾ ಕಾರ್ಯಕರ್ತರು ಇಂದು ಪ್ರಾತ್ಯಕ್ಷಿಕೆ ಎನ್ನುವುದರ ಬೇರು ಇಲ್ಲಿದೆ. ದಕ್ಷಿಣ ಕೆರೊಲಿನಾದ ಜೆರ್ರಿ ಮೂರ್ ಎಂಬ ಬಾಲಕ 1910ರಲ್ಲಿ ಒಂದು ಎಕರೆಯಲ್ಲಿ ತೆಗೆದ ಇಳುವರಿ 228 ಮುಕ್ಕಾಲು ಬುಷೆಲ್ ಎಂದು ದಾಖಲಾಗಿದೆ. ನಮ್ಮ ಲೆಕ್ಕದಲ್ಲಿ ಸುಮಾರು 58 ಕ್ವಿಂಟಾಲ್. ನೀರಾವರಿಯಲ್ಲಿ ಒಳ್ಳೆಯ ಸಂಕರಣ ತಳಿ ಹಾಕಿದ ನಮ್ಮ ರೈತರು ಇದರ ಅರ್ಧ ಬಂದರೂ ಸಮಾಧಾನಪಡುತ್ತಾರೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಎಕರೆಯ ಪಕ್ಕದಲ್ಲಿ ಗೊಬ್ಬರ ಹಾಕದ ಹೋಲಿಕೆಯ ತಾಕು ಇರಲಿಲ್ಲವೆಂದಾದರೆ ಅದು ಬಹುಮಾನದ ಬೆಳೆಯಾಗುತ್ತದೆಯೇ ವಿನಾ ಪ್ರಯೋಗವಾಗುವುದಿಲ್ಲ. ಯಾವ ಕಾರಣದಿಂದ ಎಷ್ಟು ಹೆಚ್ಚಿತೆಂದು ಅದು ಹೇಳಲಾರದು. ನಮ್ಮ ಕ್ಷೇತ್ರೋತ್ಸವಗಳಲ್ಲಿಯೂ ಈ ಕೊರತೆ ಆಗಾಗ್ಗೆ ಕಾಣುತ್ತದೆ, ಇರಲಿ.

ಕರ್ನಾಟಕದಲ್ಲಿ ಇಂಥ ಅವಕಾಶಗಳು ಇರಲಿಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1999ರಿಂದ ನಡೆಸಿದ ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನೆಯಲ್ಲಿ ಆಯ್ಕೆಯಾದವರಿಗೆ ಬೇಸಿಗೆ ಶಿಬಿರಗಳಿದ್ದವು. ಅದರ ಒತ್ತು ಮೂಲ ವಿಜ್ಞಾನದ ಮೇಲೆ. 2022ರಲ್ಲಿ ಅದು ನಿಂತುಹೋಯಿತು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಹಳ್ಳಿ ಶಾಲೆಗೆ ಹೆಚ್ಚು ಹತ್ತಿರ. 10ರಿಂದ 17 ವರ್ಷದ ಮಕ್ಕಳು ಗುಂಪಾಗಿ ತಮ್ಮೂರಿನದೇ ಸಮಸ್ಯೆಯೊಂದನ್ನು ಅಧ್ಯಯನ ಮಾಡಿ ವರದಿ ಬರೆಯುವುದು ಅದರ ರೀತಿ.

ಆದರೆ ತೊಡಕು ಬೇರೆ ಕಡೆ ಇದೆ. ಅಯೋವಾದ ಬೇಸಿಗೆ ರಜೆ ಬರುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಹೊಲದಲ್ಲಿ ಬೆಳೆ ನಿಂತಿರುವಾಗ. ನಮ್ಮ ರಜೆ ಏಪ್ರಿಲ್ ಮೇ ತಿಂಗಳಲ್ಲಿ. ಮಳೆಯಾಶ್ರಿತ ಭೂಮಿ ಬರಿದಾಗಿ ಬಿದ್ದಿರುತ್ತದೆ. ಬೆಳೆಯೇ ಇಲ್ಲದಾಗ ಮಗು ಸಂಶೋಧನೆ ಮಾಡುವುದು ಯಾವುದರ ಮೇಲೆ? ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಮುಂಗಾರಿನ ಗೆಲುವು ಸೋಲಿನ ಬಹು ಭಾಗ ಈ ಎರಡು ತಿಂಗಳಲ್ಲಿಯೇ ಮನೆಯೊಳಗೆ ತೀರ್ಮಾನವಾಗಿರುತ್ತದೆ.

ಬಿತ್ತನೆಗೆಂದು ಕಟ್ಟಿಟ್ಟ ಶೇಂಗಾವನ್ನೇ ತೆಗೆದುಕೊಳ್ಳಿ. ಬೀಜದ ಗುಣಮಟ್ಟದ ಪ್ರಕಾರ ನೂರಕ್ಕೆ ಕನಿಷ್ಠ 70 ಮೊಳೆಯಬೇಕು. ತೊಗರಿಗೆ 75, ಭತ್ತಕ್ಕೆ 80. ಎಕರೆಗೆ 50 ಕಿಲೋ ಬೀಜ ಹಾಕುವವರ ಚೀಲದಲ್ಲಿ ನೂರಕ್ಕೆ 60 ಮಾತ್ರ ಮೊಳೆಯುವಂತಿದ್ದರೆ 20 ಕಿಲೋ ಮಣ್ಣಿಗೆ ಸುರಿದಂತೆಯೇ. ಇದನ್ನು ಹತ್ತನೆಯ ತರಗತಿ ಮುಗಿಸಿದ ಮಗು ಹತ್ತು ದಿನದಲ್ಲಿ ಪತ್ತೆ ಮಾಡಬಲ್ಲದು. ಪ್ರತಿಯೊಂದು ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಕಾಯಿ ತೆಗೆದು, ಕೈಯಲ್ಲೇ ಸುಲಿದು, ಬೆರೆಸಿ, ನೂರರಂತೆ ನಾಲ್ಕು ಗುಂಪು ಎಣಿಸಬೇಕು. ಒದ್ದೆ ಗೋಣಿ ತಾಟಿನ ಮೇಲೆ ಸಾಲಾಗಿ ಹರಡಿ, ಸುರುಳಿ ಸುತ್ತಿ, ನೆರಳಿನಲ್ಲಿಟ್ಟು, ತೇವ ಆರದಂತೆ ನೀರು ಚಿಮುಕಿಸುತ್ತಿರಬೇಕು. ಹತ್ತನೆಯ ದಿನ ಬೇರು, ಕಾಂಡ ಎರಡೂ ಸರಿಯಾಗಿರುವ ಸಸಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಕೊಳೆತದ್ದು, ಬೇರೊಡೆದು ನಿಂತದ್ದು ಲೆಕ್ಕಕ್ಕಿಲ್ಲ. ನಾಲ್ಕು ಗುಂಪಿನ ಸರಾಸರಿಯೇ ಉತ್ತರ.

ಇಷ್ಟರಲ್ಲಿ ಮನೆಯ ಹಿರಿಯರು ಮೊರದಿಂದ ದಪ್ಪ ದಪ್ಪ ಬೀಜ ಆರಿಸಿ ಮಗುವಿನ ಕೈಗೆ ಕೊಡುವುದುಂಟು. ಮಗುವಿನ ಪರೀಕ್ಷೆ ಚೆನ್ನಾಗಿ ಬರಲೆಂಬ ಪ್ರೀತಿ! ಆ ಪ್ರೀತಿಯೇ ಪರೀಕ್ಷೆಯನ್ನು ಕೆಡಿಸುತ್ತದೆ. ಬಿತ್ತುವಾಗ ಹೊಲಕ್ಕೆ ಹೋಗುವ ಬೀಜವೇ ಪರೀಕ್ಷೆಗೂ ಬರಬೇಕು. ಇದನ್ನು ಒಮ್ಮೆ ಮನಗಂಡ ಮಗುವಿಗೆ ಮಾದರಿ ಎಂದರೇನೆಂದು ಯಾವ ಕಾಲೇಜೂ ಮತ್ತೆ ಕಲಿಸಬೇಕಾಗಿಲ್ಲ.

ತೆರೆದ ಬಾವಿ ಇರುವಲ್ಲಿ ವಾರಕ್ಕೊಮ್ಮೆ, ಬೆಳಿಗ್ಗೆ ಪಂಪು ಹಾಕುವ ಮುನ್ನ, ಕಲ್ಲು ಕಟ್ಟಿದ ಹಗ್ಗದಿಂದ ನೀರಿನ ಮಟ್ಟ ಅಳೆದು ಬರೆದಿಡಬಹುದು. ವರ್ಷ ವರ್ಷವೂ ಅದೇ ಪುಸ್ತಕದಲ್ಲಿ ಮುಂದುವರಿದರೆ ಊರಿನ ಅಂತರ್ಜಲದ ಚರಿತ್ರೆಯೇ ಸಿದ್ಧವಾಗುತ್ತದೆ.

ಕೊನೆಗೆ ಎಲ್ಲವೂ ನಿಲ್ಲುವುದು ಮನೆಯ ಯಜಮಾನರ ಮೇಲೆ. ಮಗಳು ಎಣಿಸಿ 58 ಎಂದು ಬರೆದುಕೊಟ್ಟ ಮೇಲೂ ತಂದೆ ಅದೇ ಚೀಲ ಹೊತ್ತು ಹೊಲಕ್ಕೆ ನಡೆದರೆ, ಆ ಮಗು ಕಲಿಯುವ ಪಾಠ ಬೇರೆಯೇ. ಎಣಿಸುವುದು ಶಾಲೆಗೆ, ಬಿತ್ತುವುದು ಪದ್ಧತಿಗೆ ಎಂದು ಅದು ತಿಳಿಯುತ್ತದೆ. ಓದಿದ ಮಕ್ಕಳು ಹೊಲದ ಕಡೆ ಮುಖ ಮಾಡುವುದಿಲ್ಲವೆಂಬ ದೂರು ಎಲ್ಲ ಊರಲ್ಲೂ ಇದೆ. ಅವರ ಲೆಕ್ಕಕ್ಕೆ ಹೊಲದಲ್ಲಿ ಬೆಲೆ ಇತ್ತೇ ಎಂಬುದನ್ನೂ ಅದರ ಜೊತೆಗೇ ಕೇಳಬೇಕಾಗುತ್ತದೆ.

ಈ ರಜೆಯಲ್ಲಿ ಆರಂಭಿಸುವವರು ಮಣ್ಣಿನ ಮಾದರಿಯಿಂದ ಆರಂಭಿಸುವುದು ಸುಲಭ. ಬದು, ತಿಪ್ಪೆ ಹಾಕಿದ ಜಾಗ, ಮರದ ನೆರಳು ಬಿಟ್ಟು, ಒಂದೇ ಬಗೆಯ ಮಣ್ಣಿರುವ ಹೊಲದಲ್ಲಿ ಅಡ್ಡಾದಿಡ್ಡಿ ನಡೆದು 15ರಿಂದ 20 ಕಡೆ ಇಂಗ್ಲಿಷಿನ ವಿ ಆಕಾರದ ಗುಣಿ ತೆಗೆಯಬೇಕು. 15 ಸೆಂಟಿಮೀಟರ್ ಆಳದವರೆಗೆ ಗುಣಿಯ ಪಕ್ಕದಿಂದ ಸಮನಾಗಿ ಮಣ್ಣು ಕೆರೆದು, ಎಲ್ಲವನ್ನೂ ಕೂಡಿಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋಗೆ ಇಳಿಸಬೇಕು. ನೆರಳಿನಲ್ಲಿ ಒಣಗಿಸಿ, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ ಬರೆದ ಚೀಟಿಯೊಂದಿಗೆ ಶುದ್ಧ ಬಟ್ಟೆಯ ಚೀಲದಲ್ಲಿ ಕಟ್ಟಿ ಏಪ್ರಿಲ್ ತಿಂಗಳಲ್ಲೇ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ತಲುಪಿಸಿದರೆ ಗೊಬ್ಬರ ಕೊಳ್ಳುವ ಮುನ್ನ ವರದಿ ಕೈಸೇರಲು ಕಾಲಾವಕಾಶವಿರುತ್ತದೆ. ಮಾದರಿ ತೆಗೆದವರು ಯಾರೆಂದು ಚೀಟಿಯಲ್ಲಿ ಮಗುವಿನ ಹೆಸರನ್ನೇ ಬರೆಯಿಸಿ.