ತರಗತಿಯ ಸಹಾಯಕಿ ಎಲ್ಲಿ ಕೂರಬೇಕು?



ಯಶವಂತಪುರದ ಮೆಟ್ರೋ ನಿಲ್ದಾಣದಲ್ಲಿ ಓಡಾಡಿದವರು ನೆಲದ ಮೇಲೆ ಹಳದಿ ಟೈಲ್ಸ್‌ಗಳ ಒಂದು ಸಾಲನ್ನು ನೋಡಿರುತ್ತೀರಿ. ಕೆಲವು ಟೈಲ್ಸ್‌ಗಳ ಮೇಲೆ ಉದ್ದನೆಯ ಗೆರೆಗಳು ಉಬ್ಬಿಕೊಂಡಿರುತ್ತವೆ, ಕೆಲವುಗಳ ಮೇಲೆ ಗುಂಡನೆಯ ಚುಕ್ಕೆಗಳು. ಗೆರೆ ಇದ್ದರೆ ಮುಂದೆ ನಡೆಯಬಹುದು, ಚುಕ್ಕೆ ಇದ್ದರೆ ನಿಂತು ಎಚ್ಚರವಹಿಸಬೇಕು. ಕಣ್ಣು ಕಾಣದವರು ಇವನ್ನು ಕೋಲಿನ ತುದಿಯಿಂದ, ಪಾದದಿಂದ ತಿಳಿದುಕೊಂಡು ರೈಲಿನವರೆಗೆ ಹೋಗುತ್ತಾರೆ. ಜಪಾನಿನ ಸೇಯಿಚಿ ಮಿಯಾಕೆ ಎಂಬವರು 1965ರಲ್ಲಿ ಇದನ್ನು ರೂಪಿಸಿದರು. 1967ರಲ್ಲಿ ಒಕಾಯಾಮ ನಗರದ ಅಂಧರ ಶಾಲೆಯೊಂದರ ಬಳಿ ಇವನ್ನು ಮೊದಲ ಬಾರಿಗೆ ನೆಲಕ್ಕೆ ಹಾಸಲಾಯಿತು. ಇಲ್ಲಿ ಸಹಾಯ ಕಾಲ ಕೆಳಗೇ ಇದೆ, ಆದರೆ ನಡೆಯುವವರು ಮಾತ್ರ ಅವರೇ.

ಈಗ ನಿಲ್ದಾಣದಿಂದ ಹೊರಬಂದು ಇದೇ ಬಡಾವಣೆಯ ಒಂದು ಶಾಲೆಯ ಐದನೆಯ ತರಗತಿಯನ್ನು ಊಹಿಸಿಕೊಳ್ಳಿ. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಮೂಟೆ ಹೊರುವವರ ಮಕ್ಕಳು, ಅಂಗಡಿಯವರ ಮಕ್ಕಳು, ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಅಲ್ಲಿದ್ದಾರೆ. ಅವರ ನಡುವೆ ಸೆರೆಬ್ರಲ್ ಪಾಲ್ಸಿ ಇರುವ ಒಬ್ಬ ಹುಡುಗಿ. ಅವಳ ಮಾತು ನಿಧಾನ, ಬರವಣಿಗೆ ಇನ್ನೂ ನಿಧಾನ, ಬುದ್ಧಿ ಚುರುಕು. ಪಕ್ಕದ ಕುರ್ಚಿಯಲ್ಲಿ ಅವಳಿಗೆಂದೇ ಒಬ್ಬ ಸಹಾಯಕಿ. ಟೀಚರು ಭಿನ್ನರಾಶಿಯ ಪಾಠ ಮುಗಿಸಿ ಆ ಕಡೆ ತಿರುಗಿ ಕೇಳುತ್ತಾರೆ: "ಅವಳಿಗೆ ಅರ್ಥ ಆಯ್ತಾ?"

ಪ್ರಶ್ನೆ ಹೋದದ್ದು ಸಹಾಯಕಿಗೆ, ಹುಡುಗಿಗೆ ಅಲ್ಲ. "ಆಯ್ತು ಮಿಸ್" ಎಂದು ಸಹಾಯಕಿ ಉತ್ತರಿಸುತ್ತಾರೆ. ಇಬ್ಬರೂ ಒಳ್ಳೆಯವರೇ, ಯಾರದೂ ಕೆಟ್ಟ ಉದ್ದೇಶವಲ್ಲ. ಆದರೂ ನಲವತ್ತು ಮಕ್ಕಳಿರುವ ಆ ಕೋಣೆಯಲ್ಲಿ ಟೀಚರು ನೇರವಾಗಿ ಪಾಠ ಮಾಡದೆ ಬಿಟ್ಟ ಒಂದು ಮಗು ಇದೆ, ಅದು ಈ ಹುಡುಗಿಯೇ. ಈ ಭಾಷಣದಲ್ಲಿ ನಾನು ಹೇಳಹೊರಟಿರುವ ವಿಷಯ ಇದು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಸಹಶಿಕ್ಷಕರು ಎಂದರೆ ಪೂರ್ಣಪ್ರಮಾಣದ ಶಿಕ್ಷಕರೇ, ನಾನು ಹೇಳುತ್ತಿರುವುದು ಅವರ ಬಗ್ಗೆ ಅಲ್ಲ. ವಿಕಲಚೇತನ ಮಕ್ಕಳು ಎಲ್ಲರ ಜೊತೆ ಒಂದೇ ತರಗತಿಯಲ್ಲಿ ಕಲಿಯುವುದಕ್ಕೆ ನಮ್ಮ ರಾಜ್ಯದಲ್ಲಿ ಸಮನ್ವಯ ಶಿಕ್ಷಣ ಎನ್ನುತ್ತಾರೆ. ಇದಕ್ಕಾಗಿ ಬ್ಲಾಕ್ ಮಟ್ಟದಲ್ಲಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರು ಶಾಲೆಯಿಂದ ಶಾಲೆಗೆ ಹೋಗುವವರು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತಾರೆ. ಇಡೀ ದಿನ ಒಂದೇ ತರಗತಿಯಲ್ಲಿ ಕೂರುವುದು ಅವರಿಂದ ಆಗುವ ಕೆಲಸವಲ್ಲ. ನಗರದ ಖಾಸಗಿ ಶಾಲೆಗಳಲ್ಲಿ ಮಗುವಿನ ಜೊತೆಯಲ್ಲೇ ಕೂರುವ ಶ್ಯಾಡೋ ಟೀಚರ್ ಎಂಬವರು ಬಂದಿದ್ದಾರೆ. ಹೆಸರೇ ಹೇಳುವಂತೆ ಅವರು ನೆರಳು. ಇವರಲ್ಲಿ ತರಬೇತಿ ಪಡೆದವರೂ ಇದ್ದಾರೆ, ಪಡೆಯದವರೂ ಇದ್ದಾರೆ. ಸಂಬಳ ಅನೇಕ ಕಡೆ ತಂದೆತಾಯಿಯ ಕೈಯಿಂದಲೇ ಹೋಗುತ್ತದೆ. ಯಾರ್ಡಿನಲ್ಲಿ ದಿನಗೂಲಿ ದುಡಿಯುವ ತಂದೆಗೆ ಇದು ಎಟುಕುವ ಮಾತೇ? ಶಾಲೆಯ ಕರ್ತವ್ಯವನ್ನು ಮನೆಯವರ ಜೇಬಿಗೆ ದಾಟಿಸುವ ಈ ಪದ್ಧತಿ ನನಗೆ ಸರಿಕಾಣುವುದಿಲ್ಲ.

ಕಾನೂನು ಏನೆನ್ನುತ್ತದೆ? 1974ರಲ್ಲಿ ಕೇಂದ್ರ ಸರಕಾರ ಇಂಥ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಯೋಜನೆ ಆರಂಭಿಸಿತು. 1995ರಲ್ಲಿ ಒಂದು ಕಾಯಿದೆ ಬಂತು. ಅದರ ಜಾಗದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆ, ಮಗುವಿಗೆ ಬೇಕಾದ ಬೆಂಬಲವನ್ನು ಶಾಲೆಯೇ ಒದಗಿಸಬೇಕು ಎನ್ನುತ್ತದೆ. ಬೆಂಬಲ ಕೊಡುವ ಸಿಬ್ಬಂದಿಗೆ ತರಬೇತಿ ಕೊಡಬೇಕು ಎಂದೂ ಹೇಳುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ನೇಮಕದ ಬಗ್ಗೆ ತೀರ್ಪು ನೀಡಿತು. ಮರುವರ್ಷ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಎಂಬ ಪ್ರಮಾಣ ನಿಗದಿಯಾಯಿತು. ಇದು ಶಿಕ್ಷಕರ ಲೆಕ್ಕ. ಸಹಾಯಕರು ಈ ಲೆಕ್ಕದಲ್ಲಿ ಇಲ್ಲ.

ಸಹಾಯಕರ ಕೆಲಸದಲ್ಲಿ ಎರಡು ಬಗೆ. ಒಂದು ದೇಹಕ್ಕೆ ಸಂಬಂಧಿಸಿದ್ದು: ಗಾಲಿಕುರ್ಚಿಯನ್ನು ಮೆಟ್ಟಿಲು ದಾಟಿಸುವುದು, ಊಟ ಮಾಡಿಸುವುದು, ಶೌಚಾಲಯಕ್ಕೆ ಕರೆದೊಯ್ಯುವುದು. ಈ ಕೆಲಸವನ್ನು ಯಾರೂ ಕೀಳಾಗಿ ಕಾಣಬಾರದು. ಕರೆದೊಯ್ಯುವವರಿಲ್ಲ ಎಂಬ ಕಾರಣಕ್ಕೆ ಬೆಳಗಿನಿಂದ ನೀರು ಕುಡಿಯದೆ ಕೂರುವ ಮಗು ಯಾವ ಪಾಠ ಕಲಿತೀತು? ಇಲ್ಲಿ ಸಹಾಯಕಿ ಬೇಕೇ ಬೇಕು, ಎರಡು ಮಾತಿಲ್ಲ. ಎರಡನೆಯ ಬಗೆ ಕಲಿಕೆಗೆ ಸಂಬಂಧಿಸಿದ್ದು. ತೊಡಕು ಇರುವುದು ಇದರಲ್ಲಿ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರಿಂದ 2008ರವರೆಗೆ ಪೀಟರ್ ಬ್ಲ್ಯಾಚ್‌ಫರ್ಡ್ ಮತ್ತು ಸಂಗಡಿಗರು ಒಂದು ದೊಡ್ಡ ಅಧ್ಯಯನ ನಡೆಸಿದರು. ಅಲ್ಲಿ ತರಗತಿ ಸಹಾಯಕರು ಬಹಳ ಮಂದಿ. ಸಿಕ್ಕ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಇಂಗ್ಲಿಷ್, ಗಣಿತ, ವಿಜ್ಞಾನ ಈ ಮೂರರಲ್ಲೂ ಸಹಾಯಕರ ಬೆಂಬಲ ಹೆಚ್ಚು ಪಡೆದ ಮಕ್ಕಳ ಪ್ರಗತಿ, ಅವರಂತೆಯೇ ಇದ್ದು ಕಡಿಮೆ ಬೆಂಬಲ ಪಡೆದ ಮಕ್ಕಳ ಪ್ರಗತಿಗಿಂತ ಕಡಿಮೆಯಾಗಿತ್ತು. ನಿಮ್ಮಲ್ಲಿ ವಿಜ್ಞಾನ ಓದುವವರು ತಕ್ಷಣ ಆಕ್ಷೇಪಿಸುತ್ತೀರಿ: ಹೆಚ್ಚು ಕಷ್ಟವಿರುವ ಮಗುವಿಗೇ ಹೆಚ್ಚು ಸಹಾಯ ಸಿಗುತ್ತದಲ್ಲ, ಮತ್ತೆ ಹೋಲಿಕೆ ಹೇಗೆ? ಆಕ್ಷೇಪ ನ್ಯಾಯವಾದದ್ದೇ. ಮಕ್ಕಳ ಹಿಂದಿನ ಅಂಕಗಳನ್ನೂ ವಿಶೇಷ ಅಗತ್ಯಗಳನ್ನೂ ಗಣನೆಗೆ ತೆಗೆದುಕೊಂಡ ಮೇಲೂ ಅಂತರ ಉಳಿಯಿತು.

ಸಂಶೋಧಕರು ಸಹಾಯಕರನ್ನು ದೂರಲಿಲ್ಲ, ಅವರನ್ನು ಬಳಸಿಕೊಂಡ ಕ್ರಮವನ್ನು ದೂರಿದರು. ಕಷ್ಟಪಡುವ ಮಗುವನ್ನು ಸಹಾಯಕಿಗೆ ಒಪ್ಪಿಸಿ ಶಿಕ್ಷಕರು ಉಳಿದವರಿಗೆ ಪಾಠ ಮಾಡುತ್ತಿದ್ದರು. ಅಂದರೆ ಅತ್ಯಂತ ನುರಿತವರು ಬೇಕಾಗಿದ್ದ ಮಗುವಿಗೆ ಅತ್ಯಂತ ಕಡಿಮೆ ತರಬೇತಿ ಪಡೆದವರು. ಪಾಠ ಏನೆಂದು ಮುಂಚಿತವಾಗಿ ಕೂತು ಮಾತಾಡಲು ಇಬ್ಬರಿಗೂ ವೇಳೆ ಇರಲಿಲ್ಲ. ಸಹಾಯಕರ ಗಮನ ಮಗುವಿಗೆ ತಿಳಿಯಿತೇ ಎಂಬುದಕ್ಕಿಂತ ಪುಟ ಮುಗಿಯಿತೇ ಎಂಬುದರ ಮೇಲೆ ಇರುತ್ತಿತ್ತು. ಇದಕ್ಕೂ ಮೊದಲು, 1997ರಲ್ಲಿ, ಅಮೆರಿಕದ ಮೈಕೆಲ್ ಜಿಯಾಂಗ್ರೆಕೊ ಮತ್ತು ಸಂಗಡಿಗರು ಇನ್ನೊಂದು ಅಂಶ ಗುರುತಿಸಿದ್ದರು. ದೊಡ್ಡವರು ಸದಾ ಒತ್ತಿಕೊಂಡೇ ಕೂತರೆ ಓರಗೆಯ ಮಕ್ಕಳು ಹತ್ತಿರ ಬರುವುದಿಲ್ಲ. ಯೋಚಿಸಿ ನೋಡಿ, ನಿಮ್ಮ ಮತ್ತು ಗೆಳತಿಯ ನಡುವೆ ಸದಾ ಒಬ್ಬ ಹಿರಿಯರು ಕೂತಿದ್ದರೆ ನೀವು ಗುಟ್ಟು ಹೇಳುತ್ತೀರಾ?

ಹಾಗಾದರೆ ಸಹಾಯಕಿ ಬೇಡವೇ? ಬೇಕು. ಯೋಜಿಸಿದ ಪಾಠ ಮತ್ತು ತರಬೇತಿ ಎರಡೂ ಇದ್ದು ಸಣ್ಣ ಗುಂಪಿಗೆ ಕಲಿಸಿದ ಸಹಾಯಕರಿಂದ ಮಕ್ಕಳಿಗೆ ಲಾಭವಾದುದನ್ನೂ ನಂತರದ ಇಂಗ್ಲಿಷ್ ಅಧ್ಯಯನಗಳು ತೋರಿಸಿವೆ. ಪ್ರಶ್ನೆ ಇರುವುದು ಎಷ್ಟು ಸಹಾಯ, ಯಾವಾಗ ಎಂಬುದರಲ್ಲಿ. 1976ರಲ್ಲಿ ವುಡ್, ಬ್ರೂನರ್, ರಾಸ್ ಎಂಬ ಮೂವರು ಮನೋವಿಜ್ಞಾನಿಗಳು ಕಲಿಸುವವರ ಸಹಾಯವನ್ನು ಕಟ್ಟಡದ ಸಾರುವೆಗೆ ಹೋಲಿಸಿದರು. ಗೋಡೆ ಗಟ್ಟಿಯಾದ ಮೇಲೆ ಸಾರುವೆ ಬಿಚ್ಚಲೇಬೇಕು.

ಬಿಚ್ಚುವುದು ಹೇಗೆ? ಹುಡುಗಿ ಲೆಕ್ಕದಲ್ಲಿ ತಡವರಿಸಿದಳು ಎನ್ನಿ. ಮೊದಲು ಸುಮ್ಮನೆ ಕಾಯಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳಲ್ಲಿ ಧ್ವನಿಮುದ್ರಣ ಮಾಡಿ ಅಳೆದರು. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿದ್ದವರೂ ಬಾಯಿಬಿಟ್ಟರು. ನಾಲಿಗೆ ಹೊರಳಲು ಕಷ್ಟವಿರುವ ಮಗುವಿಗೆ ಮೂರಲ್ಲ, ಹತ್ತು ಹದಿನೈದು ಸೆಕೆಂಡು ಬೇಕಾದೀತು. (ದೂರದರ್ಶನದಲ್ಲಿ ಹದಿನೈದು ಸೆಕೆಂಡಿನ ಮೌನ ಬಂದರೆ ನಾವು ಪ್ರಸಾರ ನಿಂತಿತೆಂದು ಗಾಬರಿಯಾಗುತ್ತೇವೆ. ತರಗತಿ ಹಾಗಾಗಬೇಕಿಲ್ಲ.) ಕಾದರೂ ಆಗದಿದ್ದರೆ "ಈಗ ಏನು ಮಾಡಬೇಕು?" ಎಂದು ಕೇಳುವುದು. ಆಮೇಲೆ ಒಂದು ಸುಳಿವು. ಆಮೇಲೆ ಅಂಥದೇ ಬೇರೊಂದು ಲೆಕ್ಕ ಮಾಡಿ ತೋರಿಸುವುದು. ಕೈ ಹಿಡಿದು ಬರೆಸುವುದು ಎಲ್ಲಕ್ಕಿಂತ ಕೊನೆಗೆ. ಸಾಮಾನ್ಯವಾಗಿ ನಾವು ಆರಂಭಿಸುವುದೇ ಈ ಕೊನೆಯದರಿಂದ.

ಇದು ನಮಗೆ ಹೊಸದೇನೂ ಅಲ್ಲ. ನಿಮ್ಮಲ್ಲಿ ಸರಕಾರಿ ಕನ್ನಡ ಶಾಲೆಯಲ್ಲಿ ಓದಿದ ಅನೇಕರು ಒಂದನೆಯ, ಎರಡನೆಯ ತರಗತಿಯಲ್ಲಿ ನಲಿ-ಕಲಿಯ ತಟ್ಟೆಗಳಲ್ಲಿ ಕೂತವರೇ. ಆಂಧ್ರದ ರಿಷಿವ್ಯಾಲಿ ಪ್ರಯೋಗದಿಂದ ಸ್ಫೂರ್ತಿ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಈ ಪದ್ಧತಿ 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಅಲ್ಲಿ ತಟ್ಟೆಗಳು ಐದು. ಶಿಕ್ಷಕರ ಪೂರ್ಣ ಸಹಾಯದ ಗುಂಪು, ಭಾಗಶಃ ಸಹಾಯದ ಗುಂಪು, ಜೊತೆಗಾರರ ಪೂರ್ಣ ಸಹಾಯದ್ದು, ಜೊತೆಗಾರರ ಭಾಗಶಃ ಸಹಾಯದ್ದು, ಕಡೆಗೆ ಸ್ವಂತ ಕಲಿಕೆ. ಮಗು ಕಾರ್ಡಿನಿಂದ ಕಾರ್ಡಿಗೆ ಹೋದಂತೆ ತಟ್ಟೆ ಬದಲಿಸುತ್ತದೆ. ಯಾರೂ ಒಂದೇ ತಟ್ಟೆಯಲ್ಲಿ ಕಾಯಂ ಆಗಿ ಕೂರುವುದಿಲ್ಲ. ಇಂಥ ಕೋಣೆಯಲ್ಲಿ ಸಹಾಯಕಿಗೆ ಒಳ್ಳೆಯ ಕೆಲಸವಿದೆ. ಅವರು ಕೊನೆಯ ಮೂರು ಗುಂಪುಗಳ ಮೇಲೆ ಕಣ್ಣಿಟ್ಟರೆ, ಟೀಚರು ಆ ಹುಡುಗಿಯ ಎದುರಿಗೇ ಬಂದು ಕೂತು ಕಲಿಸಬಹುದು. ನಮ್ಮ ಶಾಲೆಗಳಲ್ಲಿ ಇಂಥ ಹುದ್ದೆ ಸೃಷ್ಟಿಯಾಗಬೇಕು ಎಂಬುದು ನನ್ನ ಅಭಿಪ್ರಾಯ. ಹಾಗೆ ಸೃಷ್ಟಿಯಾದರೆ ಅದು ಮಗುವಿಗೆ ಅಂಟಿದ ಹುದ್ದೆಯಾಗದೆ ತರಗತಿಗೆ ಸೇರಿದ ಹುದ್ದೆಯಾಗಲಿ.

ಇದರಲ್ಲಿ ನಿಮಗೇನು ಕೆಲಸ ಎಂದು ಕೇಳುತ್ತೀರೇನೋ. ಎಂಟು, ಒಂಬತ್ತನೆಯ ತರಗತಿಯಲ್ಲಿ ಓದುವವರಿಗೆ ಒಂದು ದಿನ ಮುಖ್ಯೋಪಾಧ್ಯಾಯರಿಂದ ಕರೆ ಬರಬಹುದು: ಎಸ್.ಎಸ್.ಎಲ್.ಸಿ. ಬರೆಯುವ ಕಣ್ಣು ಕಾಣದ, ಇಲ್ಲವೇ ಕೈಯಲ್ಲಿ ಶಕ್ತಿಯಿಲ್ಲದ ಅಣ್ಣನಿಗೋ ಅಕ್ಕನಿಗೋ ನೀವು ಉತ್ತರ ಬರೆದುಕೊಡಬೇಕು ಎಂದು. ಬರೆಯುವವರು ಕೆಳಗಿನ ತರಗತಿಯವರಾಗಿರಬೇಕೆಂಬ ನಿಯಮ ಇರುವುದರಿಂದಲೇ ನಿಮಗೆ ಈ ಅವಕಾಶ. ಹೋದಾಗ ಪ್ರಶ್ನೆಯನ್ನು ನಿಧಾನವಾಗಿ, ಅಂಕಗಳ ಸಮೇತ ಓದಿ ಹೇಳಿ. ಕೇಳಿದರೆ ಇನ್ನೊಮ್ಮೆ ಓದಿ. ಅವರು ಹೇಳಿದ್ದನ್ನಷ್ಟೇ ಬರೆಯಿರಿ. ತಪ್ಪು ಎಂದು ನಿಮಗೆ ಗೊತ್ತಿದ್ದರೂ ತಿದ್ದಬೇಡಿ, ಹುಬ್ಬೇರಿಸಿ ಸುಳಿವನ್ನೂ ಕೊಡಬೇಡಿ, ಉತ್ತರ ಅವರದು. ಬರೆದದ್ದನ್ನು ಕಡೆಗೆ ಒಮ್ಮೆ ಓದಿ ಹೇಳಿ, ಬದಲಾಯಿಸಬೇಕೇ ಎಂದು ಕೇಳಿ. ಅವರು ಯೋಚಿಸುತ್ತಿರುವಾಗ ಪೆನ್ನನ್ನು ಮೇಜಿನ ಮೇಲೆ ಕುಟ್ಟದೆ ಕಾಯಿರಿ.