ಮನೆಯೇ ಶಾಲೆಯಾದ ದಿನಗಳು ಮತ್ತು ಮೊಬೈಲು

(ಶತಮಾನೋತ್ಸವದ ಅಂಗವಾಗಿ ಜರಗಿದ ರಕ್ಷಕ-ಶಿಕ್ಷಕ ಸಭೆಯಲ್ಲಿ ಅಧ್ಯಾಪಕವೃಂದದ ಪರವಾಗಿ ಮಾಡಿದ ಭಾಷಣ)



ನೂರು ತುಂಬಿದ ಶಾಲೆಯ ವೇದಿಕೆಯಿಂದ ಹಿರಿಯರ ತ್ಯಾಗವನ್ನು ಸ್ಮರಿಸುವುದು ವಾಡಿಕೆ. ಅದನ್ನು ನಮಗಿಂತ ಚೆನ್ನಾಗಿ ಮಾಡಬಲ್ಲವರು ಈ ಸಭೆಯಲ್ಲಿದ್ದಾರೆ. ನಾವು ಇಂದು ಒಂದು ತಪ್ಪೊಪ್ಪಿಗೆಗಾಗಿ ನಿಂತಿದ್ದೇವೆ. ಮಕ್ಕಳು ಮೊಬೈಲು ಬಿಡುವುದಿಲ್ಲವೆಂದು ತಾವು ದೂರುವಾಗ ನಾವೂ ತಲೆಯಾಡಿಸುತ್ತೇವೆ. ಆದರೆ ಅದನ್ನು ಅವರ ಕೈಗೆ ಕೊಡಿಸಿದವರು ನಾವೇ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ತಲಪಾಡಿಯ ಗಡಿಯೂ ಮುಚ್ಚಿತು. ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಆರಂಭವಾದಾಗ ಮಲಯಾಳ ಮಾಧ್ಯಮದ ಮಗುವಿಗೆ ಟೀವಿಯ ಮುಂದೆಯೇ ಪಾಠವಿತ್ತು. ನಮ್ಮ ಮಕ್ಕಳು ಕನ್ನಡ ಪಾಠಕ್ಕಾಗಿ ಬಹುಮಟ್ಟಿಗೆ ಯೂಟ್ಯೂಬನ್ನೂ ನಮ್ಮ ವಾಟ್ಸಾಪ್ ಗುಂಪುಗಳನ್ನೂ ನೆಚ್ಚಬೇಕಾಯಿತು. ಈ ವ್ಯತ್ಯಾಸ ಸಣ್ಣದಲ್ಲ. ಟೀವಿಯ ಪಾಠಕ್ಕೆ ಹೊತ್ತು ಗೊತ್ತಿದೆ; ಅದು ಮನೆಮಂದಿಯ ಕಣ್ಣೆದುರು ನಡೆದು ಮುಗಿಯುತ್ತದೆ. ಫೋನಿನಲ್ಲಾದರೋ ಪಾಠ ಮುಗಿದೊಡನೆ ಮುಂದಿನ ವಿಡಿಯೋ ತಾನಾಗಿ ಓಡತೊಡಗುತ್ತದೆ. ಸಿಗ್ನಲ್ ಅರಸಿ ಗುಡ್ಡ ಹತ್ತಿ, ಮುರಕಲ್ಲಿನ ಮೇಲೆ ಕೊಡೆ ಹಿಡಿದು ಕುಳಿತ ಹುಡುಗ ಪಾಠವಾದ ಮೇಲೂ ಇಳಿದು ಬರುತ್ತಿರಲಿಲ್ಲ. ಪಾಪ, ಮಳೆಯಲ್ಲಿ ಕಲಿಯುತ್ತಿದ್ದಾನೆಂದು ನಾವು ಮೆಚ್ಚಿಕೊಂಡೆವು!

2021ರ ನವೆಂಬರಿನಲ್ಲಿ ತರಗತಿಗಳು ಮತ್ತೆ ತೆರೆದವು. ಹದಿಮೂರರ ಪ್ರಾಯದಲ್ಲಿ ಮನೆಗೆ ಹೋದವರು ಹದಿನೈದರ ಸಮೀಪ ಮರಳಿದರು. ಅಕ್ಷರ ಮರೆತಿರಲಿಲ್ಲ, ಒಂದು ಪುಟವನ್ನು ಕೊನೆಯವರೆಗೆ ಓದುವ ತಾಳ್ಮೆ ಕುಗ್ಗಿತ್ತು. ಮಕ್ಕಳು ಶಾಲೆಗೆ ಬಂದರು, ಫೋನು ಮಾತ್ರ ಅವರ ಕೋಣೆಯಲ್ಲೇ ಉಳಿಯಿತು.

ದಿನಕ್ಕೆ ಇಷ್ಟೇ ಗಂಟೆ ಎಂಬ ಕಟ್ಟಳೆಯನ್ನು ಹಲವು ಮನೆಗಳು ಮಾಡಿ ಸೋತುದನ್ನು ಕಂಡಿದ್ದೇವೆ. ಗಂಟೆ ಎಣಿಸುವ ಕೆಲಸ ತಾಯಂದಿರ ಪಾಲಿಗೆ ಬೀಳುತ್ತದೆ. ಮನೆಯಲ್ಲಿ ಜಗಳ ಹುಟ್ಟುತ್ತದೆ. ಹೊತ್ತಿಗಿಂತ ಜಾಗವನ್ನು ಗೊತ್ತುಮಾಡಿದ ಮನೆಗಳು ಹೆಚ್ಚು ನೆಮ್ಮದಿಯಾಗಿವೆ: ಫೋನು ಚಾವಡಿಯಲ್ಲಿ, ಚಾರ್ಜರು ಅಡುಗೆಕೋಣೆಯಲ್ಲಿ, ರಾತ್ರಿ ಊಟವಾದ ಮೇಲೆ ಎಲ್ಲರ ಫೋನೂ ಅಲ್ಲೇ. ಎಲ್ಲರದೂ ಎಂದೆವು; ತಂದೆಯದನ್ನು ಬಿಟ್ಟು ಮಾಡಿದ ನಿಯಮವನ್ನು ಹದಿನಾಲ್ಕರ ಹುಡುಗಿ ಒಂದು ವಾರವೂ ಪಾಲಿಸಲಾರಳು. ತಾನಾಗಿ ಓಡುವ ವಿಡಿಯೋವನ್ನೂ ಸಂದೇಶದ ಸದ್ದನ್ನೂ ಸೆಟ್ಟಿಂಗಿನಲ್ಲಿ ನಿಲ್ಲಿಸಬಹುದು. ಅದನ್ನು ಮಗುವಿನ ಕೈಯಿಂದಲೇ ಮಾಡಿಸುವುದು ಲೇಸು. ಫ್ಯಾಮಿಲಿ ಲಿಂಕಿನಂತಹ ಕಾವಲು ಆ್ಯಪ್‌ಗಳಿವೆ. ಸಣ್ಣವರಿಗೆ ಅವು ಸರಿ. ಪ್ರಾಯಕ್ಕೆ ಬರುತ್ತಿರುವವರ ಮೇಲೆ ಗುಟ್ಟಾಗಿ ಕಾವಲಿಟ್ಟರೆ, ಅದು ತಿಳಿದ ದಿನ ಅವರು ನಮ್ಮೊಡನೆ ಮಾತು ಬಿಡುತ್ತಾರೆ.

ಇನ್ನು ನಮ್ಮ ಪಾಲು. ಶಾಲೆ ತೆರೆದ ಬಳಿಕವೂ ಗೃಹಪಾಠವನ್ನು ರಾತ್ರಿ ಒಂಬತ್ತಕ್ಕೆ ವಾಟ್ಸಾಪ್‌ನಲ್ಲಿ ಕಳುಹಿಸುವ ರೂಢಿಯನ್ನು ನಾವು ಬಿಡಲಿಲ್ಲ. ಅದು ನಮಗೆ ಸುಲಭವಾಗಿತ್ತು, ಅಷ್ಟೇ. “ಟೀಚರ್ ಕಳಿಸಿದ್ದನ್ನು ನೋಡುತ್ತಿದ್ದೇನೆ” ಎಂಬ ಉತ್ತರದೆದುರು ಯಾವ ತಾಯಿಗೆ ಮರುಮಾತು ಇದ್ದೀತು?

ಬರುವ ಸೋಮವಾರದಿಂದ ಗೃಹಪಾಠವನ್ನು ಕರಿಹಲಗೆಯ ಮೇಲೆ ಬರೆಯುತ್ತೇವೆ. ಗುಂಪಿನಲ್ಲಿ ರಜೆಯ ಸೂಚನೆಯ ಹೊರತು ಬೇರೇನೂ ಬಾರದು. ಬರೆದುಕೊಳ್ಳಲು ಮರೆತವರು ತೋಟ ದಾಟಿ ನೆರೆಮನೆಯ ಸಹಪಾಠಿಯನ್ನು ಕೇಳಿ ಬರಲಿ.